ಹಳದಿ ಕೊಳವೆ

ನನ್ನ ಕೆಲಸ ಇಷ್ಟೇ:
ಹಳದಿ ಕೊಳವೆ ಎಲ್ಲೂ ಮಡಚದಂತೆ ನೋಡಿಕೊಳ್ಳುವುದು.
ಕೋಳಿ ತುಳಿಯದಂತೆ, ನಾಯಿ ಕಚ್ಚದಂತೆ,
ಯಾರೋ ಅವಸರದವನು ಟ್ರೈಸಿಕಲ್ ಹತ್ತಿಸದಂತೆ.
ಈ ತುದಿಯಲ್ಲಿ ಡೀಸೆಲ್ ಕೆಮ್ಮುವ ಕಂಪ್ರೆಸರ್,
ಆ ತುದಿಯಲ್ಲಿ, ನಲವತ್ತು ಅಡಿ ಕೆಸರುನೀರಿನ ಕೆಳಗೆ,
ಅಣ್ಣನ ಹಲ್ಲು.

ಬಾವಿಯಲ್ಲ ಅದು. ಬಾವಿಗೆ ಕಟ್ಟೆ ಇರುತ್ತದೆ,
ನೀರಿಗೆ ಬಂದವರ ಹರಟೆ ಇರುತ್ತದೆ.
ಇದು ಪರಕಾಲೆ ದಾರಿಯ ತೆಂಗಿನ ತೋಪಿನಲ್ಲಿ ಒಂದು ತೂತು,
ಹುಡುಗರ ಭುಜದ ಅಳತೆಗೆ ತೋಡಿದ್ದು.
ಅಪ್ಪ ಈಗ ಅದರಲ್ಲಿ ತೂರಲಾರ.
ಜುನೆಲ್ ತೂರುತ್ತಾನೆ, ಇನ್ನೊಂದು ವರ್ಷ, ಎರಡು ವರ್ಷ.
ಆಮೇಲೆ ನನ್ನ ಭುಜ ನೋಡುತ್ತಾರೆ.

ಒಂದು ಜಗ್ಗು ಎಂದರೆ ಚೀಲ ತುಂಬಿದೆ, ಎಳೆ.
ಎರಡು ಜಗ್ಗು ಎಂದರೆ ನನ್ನನ್ನೇ ಎಳೆ.
ಮೂರಕ್ಕೆ ನಾವು ಅರ್ಥ ಇಟ್ಟಿಲ್ಲ.

ನೀರಿನ ಮೇಲೆ ಗುಳ್ಳೆ ಬರುತ್ತಿರಬೇಕು.
ನಾನು ಎಣಿಸುತ್ತೇನೆ. ಒರ್ಬೆ ಟೀಚರ್ ಹೇಳಿದ್ದರು,
ನಿನಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಬಿಡಬೇಡ ಎಂದು.
ಬಿಟ್ಟಿಲ್ಲ ಟೀಚರ್.
ನಿನ್ನೆ ಊಟದ ಹೊತ್ತಿಗೆ ಎರಡು ಸಾವಿರದ ಮುನ್ನೂರ ಹನ್ನೊಂದು.

ಮೇಲೆ ಬಂದರೆ ಜುನೆಲ್ ಮೊದಲು ಕಣ್ಣಲ್ಲ, ಬಾಯಿ ತೆರೆಯುತ್ತಾನೆ.
ಬರುವುದು ಡೀಸೆಲ್ ವಾಸನೆ; ಮಾತು ಆಮೇಲೆ.
ಬೆರಳ ಸಂದಿಯ ಚರ್ಮ ನೆನೆದ ಕಾಗದದ ಹಾಗೆ.
ಬೆನ್ನಿಗೆ ತೆಂಗಿನೆಣ್ಣೆ ತಿಕ್ಕುತ್ತೇನೆ,
ಕಜ್ಜಿ ಇಲ್ಲದ ಕಡೆ ಹುಡುಕಿ.

ಅಮ್ಮ ಮಣ್ಣು ಜಾಲಿಸುತ್ತಾಳೆ, ಪಾದರಸ ಬೆರೆಸುತ್ತಾಳೆ.
ತಮ್ಮ ಮಿಗೊಯ್ ಪಕ್ಕದಲ್ಲೇ ಕೂತು
ಒಂದು ಹನಿಯನ್ನು ಅಂಗೈಯಲ್ಲಿ ಉರುಳಿಸಿ ನಗುತ್ತಾನೆ:
ಒಡೆದರೆ ಎರಡು, ಕೂಡಿಸಿದರೆ ಒಂದು.
ಅಷ್ಟು ಹೊಳೆಯುವ ಆಟಿಕೆ ಅವನಿಗೆ ಬೇರೆ ಇಲ್ಲ.
ಸಂಜೆ ಮಾಂಗ್ ತೆರೊಯ್ ತಕ್ಕಡಿ ತರುತ್ತಾನೆ.
ಗುಲಗಂಜಿಯಷ್ಟೂ ಇಲ್ಲವಲ್ಲ, ಎನ್ನುತ್ತಾನೆ.
ಮೂರು ಕಿಲೋ ಅಕ್ಕಿ, ಒಣಮೀನು, ನಾಳೆಯ ಡೀಸೆಲ್ಲು.
ಕಡಿಮೆಯಾಯಿತೆಂದು ಯಾರೂ ಉಸಿರೆತ್ತುವುದಿಲ್ಲ.
ಕಂಪ್ರೆಸರ್ ಅವನದು.

ಮೊನ್ನೆ ಮಧ್ಯಾಹ್ನ ಎಂಜಿನ್ ನಿಂತಿತು.
ನಿಂತಿದ್ದು ತಿಳಿಯುವ ಮೊದಲು ನನಗೆ ಹಕ್ಕಿಯೊಂದು ಕೇಳಿಸಿತು.
ಇಷ್ಟು ದಿನ ಆ ಮರದಲ್ಲಿ ಹಕ್ಕಿ ಇತ್ತೆಂದೇ ಗೊತ್ತಿರಲಿಲ್ಲ.
ಆಮೇಲೆ ಕೈಯೊಳಗೆ ಕೊಳವೆ ಜಗ್ಗಿತು.
ಒಂದು. ಎರಡು.
ಮೂರು. ನಾಲ್ಕು.
ಎಳೆದೆವು, ಅಮ್ಮ, ನಾನು, ಪಕ್ಕದ ಗುಂಡಿಯ ಇಬ್ಬರು.
ಬಂದ. ಕೆಸರು ಕಾರಿಕೊಂಡ.
ಚೀಲ ಕೆಳಗೇ ಉಳಿಯಿತು ಎಂದು ಅತ್ತ.

ಭಾನುವಾರ ಮಿಗೊಯ್‌ಗೆ ಐದು ತುಂಬಿತು.
ಅಮ್ಮ ಪಾನ್ಸಿತ್ ಮಾಡಿದಳು, ಉದ್ದ ಶಾವಿಗೆ, ಉದ್ದ ಆಯುಸ್ಸಿಗೆ,
ತುಂಡು ಮಾಡದೆ ತಿನ್ನಿ ಎಂದು ಎಲ್ಲರಿಗೂ ಹೇಳಿದಳು.
ಅಂಗಡಿಯಿಂದ ನಾಲ್ಕು ಬಲೂನು ತಂದೆ.
ಒಂದನ್ನು ಜುನೆಲ್ ಕೈಗಿತ್ತು, ಊದು ಎಂದೆ.
ಅವನು ಅದನ್ನು ಹಲ್ಲಲ್ಲಿ ಕಚ್ಚಿಕೊಂಡ,
ಕಣ್ಣು ಮುಚ್ಚಿದ,
ಗಾಳಿ ಬರಲೆಂದು ಕಾದ.

ಮಿಗೊಯ್ ಬಿದ್ದು ಬಿದ್ದು ನಕ್ಕ.
ಅಪ್ಪ ಎದ್ದು ಹೊರಗೆ ಹೋದ.

ರಾತ್ರಿ ಅವನ ಅಂಗಿಯ ಅಂಚು ಹಿಡಿದೇ ಮಲಗುತ್ತೇನೆ.
ಕತ್ತಲಲ್ಲಿ ಗುಳ್ಳೆ ಕಾಣುವುದಿಲ್ಲ,
ಎದೆಯ ಮೇಲೆ ಕೈಯಿಟ್ಟು ಎಣಿಸುತ್ತೇನೆ.
ನಡುವೆ ಜೊಂಪು ಹತ್ತಿ ಲೆಕ್ಕ ತಪ್ಪಿದರೆ
ಬೆಚ್ಚಿ ಎದ್ದು
ಒಂದರಿಂದ ಮತ್ತೆ.