ನೆಕ್ಕಿದ ಗೋಡೆ

ಗ್ವಾದಲಿಯ ಪಕ್ಕದ ಮಣ್ಣುಗೋಡೆಯಲ್ಲಿ ಒಂದು ಗುಳಿ,
ಮೊಣಕಾಲೆತ್ತರಕ್ಕೆ. ಅಂಗೈ ಇಟ್ಟರೆ
ಬೋಗುಣಿಯ ತಳದ ಹಾಗೆ ನುಣ್ಣಗೆ.
ಉಳಿ ಮುಟ್ಟಿದ್ದಲ್ಲ. ಕೆಂದಿಯ ನಾಲಿಗೆ,
ಕೆಂದಿಗಿಂತ ಮೊದಲು ಅದರ ತಾಯಿ, ಆ ತಾಯಿಯ ತಾಯಿ.

ಗೌಂಡಿ ರಾಜೇಸಾಬ ಬೆರಳಿಂದ ಕೆರೆದು ನೋಡಿದ:
"ಲೋಣಿ ಹತ್ತೇತಿ. ಸಿಮೆಂಟ ಬಳದ್ರ ಮುಗೀತು."
ಅಪ್ಪ ಆರು ಚೀಲ ಇಳಿಸಿಯೇ ಬಿಟ್ಟಿದ್ದ.
ಯಮನವ್ವ ಆಯಿ ಎಲಿ ಅಡಕಿ ಒಂದು ದವಡೆಗೆ ಸರಿಸಿ ಅಂದಳು:
"ಹುಲ್ಲಿನ್ಯಾಗ ಎಲ್ಲಾ ಐತೆಪಾ, ಉಪ್ಪೊಂದು ಇಲ್ಲ.
ಹುಲ್ಲಿಗೆ ಅದು ಬ್ಯಾಡ. ತಿನ್ನೂ ದನಕ್ಕ ಬೇಕು.
ಅದಾದ್ರೂ ಎಲ್ಲಿ ಹೋಗಬೇಕು?"

ನಾವು ಉಪ್ಪಾರರು; ಹೆಸರಲ್ಲಷ್ಟೇ ಉಳಿದಿದೆ.
ಆಯಿಯ ಮುತ್ಯಾ ಡೋಣಿ ದಂಡೆಯ ಬೆಳ್ಳನೆ ಮಣ್ಣು ಬಳಿದು ತಂದು
ನೀರಲ್ಲಿ ಕದಡಿ, ಇಳಿಸಿ, ಬಿಸಿಲಿಗಿಡುತ್ತಿದ್ದನಂತೆ.
ಹರಳಾದದ್ದು ತಾಳಿಕೋಟಿ ಸಂತೆಗೆ,
ಹಿಂದುಳಿದ ರಾಡಿ ಈ ಗೋಡೆಗೆ.
ಹೊಳೆಯೆಂದರೆ ಸಿಹಿಯೆಂದು ನಂಬಿ ಬಂದ ಹೊಸ ಮಾಸ್ತರ
ಮೊದಲ ದಿನ ಬೊಗಸೆ ತುಂಬ ಕುಡಿದು
ಶಾಲೆಯವರೆಗೂ ಉಗುಳುತ್ತ ನಡೆದಿದ್ದ.

ಆಮೇಲೆ ನಾನೂ ನೋಡತೊಡಗಿದೆ, ಯಾರ ಯಾರ ನಾಲಿಗೆ ಎಲ್ಲೆಲ್ಲಿ.
ಎತ್ತು ಉಚ್ಚೆ ಹೊಯ್ದ ಹಸಿಯಲ್ಲಿ ಹಳದಿ ಪಾತರಗಿತ್ತಿ,
ಇಪ್ಪತ್ತೋ ಮೂವತ್ತೋ, ರೆಕ್ಕೆ ಮಡಚಿ,
ಹೂವಿನ ನೆನಪೇ ಇಲ್ಲದೆ.
ಕುರಿ ಮಾಳಪ್ಪನ ಹಾಸುಗಲ್ಲು: ಉಪ್ಪು ತೀರಿದ ಮೇಲೂ
ಮರಿಗಳು ಬರೀ ಕಲ್ಲನ್ನೇ ನೆಕ್ಕುತ್ತವೆ.
ಎಳ್ಳಾಮಾಸಿ ಹೊತ್ತಿಗೆ ಕಡಲೆಹೊಲದ ಮೇಲೆ ರಾತ್ರಿ ಹಾಸಿದ ಧೋತರ
ಬೆಳಗ್ಗೆ ಹಿಂಡಿದರೆ ಹುಳಿ, ಹಲ್ಲು ಚುಳ್ ಅನ್ನುವ ಹುಳಿ.
ಉಪ್ಪಲ್ಲ ಅದು. ಆದರೂ ಮೊಲ ಕಡಲೆಗೇ ಬರುತ್ತದೆ,
ಯಾಕೆಂದು ಆಯಿಗೂ ಗೊತ್ತಿಲ್ಲ.

ಸಿಮೆಂಟು ಬಿತ್ತು.
ಮೂರು ದಿನ ಕೆಂದಿ ಬೂದುಗೋಡೆಗೆ ಮೂತಿ ಹಚ್ಚಿ
ಹಚ್ಚಿ ತೆಗೆಯಿತು.
ನಾಲ್ಕನೇ ಸಂಜೆ, ಜೋಳ ಕಿತ್ತು ಬಂದು ಹಗ್ಗ ಬಿಚ್ಚುವಾಗ
ನನ್ನ ತೋಳು ಹಿಡಿಯಿತು: ಮಣಿಕಟ್ಟಿನಿಂದ ಮೊಣಕೈವರೆಗೆ,
ಅರದ ಹಾಗೆ ಒರಟು, ಬಿಸಿ.
ಎರಡು ಬಳೆ ಒಡೆದವು; ಬಿಡಿಸಿಕೊಳ್ಳಲಿಲ್ಲ.
ಬಾವಿಯಿಂದ ನನ್ನೊಳಗೆ ಬಂದದ್ದು, ಚರ್ಮಕ್ಕೆ ಹತ್ತಿದ್ದು,
ಮತ್ತೆ ಹೊಳೆಯ ಕಡೆಗೇ ಹೊರಟಿತ್ತು.

ಆ ರಾತ್ರಿ ಗ್ವಾದಲಿ ಕಡೆ ಕರ್ ಕರ್ ಸದ್ದು.
ಹೆಗ್ಗಣ ಅಂದ ಅಪ್ಪ, ಮಗ್ಗುಲಾದ.
ಬೆಳಗ್ಗೆ ಆಯಿಯ ಕುರ್ಪಿ ಮೊಂಡಾಗಿತ್ತು.