ಮೊಣಕಾಲೆತ್ತರ

ಕೋಲಾರ ದಾಟಿ ಶ್ರೀನಿವಾಸಪುರದ ಕಡೆಗೆ ಹೋಗುವ ಹಳಿಯಲ್ಲಿ
ನನ್ನದೊಂದು ಗೇಟು.
ದಿನಕ್ಕೆ ನಾಲ್ಕು ರೈಲು, ಲೆಕ್ಕವಿಲ್ಲದಷ್ಟು ಟೊಮೆಟೊ ಲಾರಿ.
ಮಿಕ್ಕ ಹೊತ್ತು ನಾನು, ಫೋನು, ಎರಡು ಬಾವುಟ.

ಹಳಿಯ ಪಕ್ಕ ಮೊಣಕಾಲು ಮೀರಿ ಏನೂ ಬೆಳೆಯಬಾರದು.
ಪುಸ್ತಕದಲ್ಲಿ ಇದೆಯೋ ಇಲ್ಲವೋ,
ಟ್ರಾಲಿಯಲ್ಲಿ ಬರುವ ಜಯಸೀಲನ್ ಸಾಹೇಬರ ಬಾಯಲ್ಲಿದೆ.
ನನಗೆ ಮುಂಚೆ ಇಲ್ಲಿದ್ದ ಯರ್ರಪ್ಪ
ಆಳೆತ್ತರದ ಡೇರೆ ಬೆಳೆಸಿದ್ದನಂತೆ,
ಕೋಲು ಕೊಟ್ಟು, ಹಗ್ಗ ಕಟ್ಟಿ,
ಒಂದೊಂದು ಹೂವೂ ಊಟದ ತಟ್ಟೆ.
ಡ್ರೈವರಿಗೆ ಗೇಟು ಕಾಣಲಿಲ್ಲ, ಹೂವು ಕಂಡಿತು.
ಮಾರನೆಯ ದಿನ ಮಚ್ಚು ಬಂತು.

ಹಾಗಾಗಿ ಕುಳ್ಳ ಡೇರೆ.

ಚಿಂತಾಮಣಿಯ ಗೊಬ್ಬರದಂಗಡಿಯವನು ನಕ್ಕ:
‘ಗಡ್ಡೆ ತಗೊಳ್ಳಿ, ಬಣ್ಣ ಗ್ಯಾರಂಟಿ.
ಬೀಜ ಅಂದ್ರೆ ಅದರಪ್ಪ ಯಾರೋ, ಜೇನಿಗೇ ಗೊತ್ತು.’
ನಲವತ್ತು ರೂಪಾಯಿ. ಪೊಟ್ಟಣದ ಮೇಲೆ, ಮಿಶ್ರ ಬಣ್ಣ.
ಅಂಗೈಗೆ ಸುರಿದು ಎಣಿಸಿದೆ: ಮೂವತ್ತೇಳು.
ಹುಚ್ಚೆಳ್ಳನ್ನು ಇಸ್ತ್ರಿಯಡಿ ಇಟ್ಟು ತೆಗೆದ ಹಾಗೆ
ಕಪ್ಪು, ಚಪ್ಪಟೆ, ಉಸಿರಿಗೆ ಹಾರುವಷ್ಟು.
ಉಸಿರು ಬಿಟ್ಟೆ.
ಮೂವತ್ತಾರು.

ಒಡೆದ ಟೊಮೆಟೊ ಕ್ರೇಟಿಗೆ ಗೋಣಿ ಹಾಸಿ,
ಕೆಮ್ಮಣ್ಣು, ಮರಳು,
ಗೇಟು ತೆಗೆಯುವುದನ್ನು ಕಾಯುತ್ತ ನಿಂತ
ಗಂಗುಲಪ್ಪನ ಮೇಕೆಗಳು ಕೊಟ್ಟುಹೋದ ಹಿಕ್ಕೆ.
ಉಗುರಿನಾಳಕ್ಕೆ ಬಿತ್ತಿದೆ, ದಸರೆಗೆ ಮುಂಚಿನ ವಾರ.
ಬೋರಿನ ನೀರು ಇಲ್ಲಿ ಉಪ್ಪುಪ್ಪು.
ಕುಡಿಯುವ ಕ್ಯಾನಿನಲ್ಲಿ ನನ್ನ ಪಾಲಿನ ಒಂದು ಲೋಟ
ಅವುಗಳದ್ದಾಯಿತು.

ಒಂಬತ್ತನೇ ದಿನ
ಬೆಳಗಿನ ರೈಲಿಗೆ ಹಸಿರು ತೋರಿಸಿ ತಿರುಗಿದರೆ
ಮಣ್ಣು ಅಲ್ಲಲ್ಲಿ ಹುಬ್ಬೇರಿಸಿತ್ತು.
ಬೆನ್ನು ಬಗ್ಗಿದ ಬಿಳಿ ದಂಟು,
ತಲೆಯ ಮೇಲೆ ಸಿಪ್ಪೆ, ಬಿಚ್ಚದ ಗುಡಾರ.
ನನಗೆ ಡೇರೆ ಅಂದರೆ ಮೊದಲು ಹೂವಲ್ಲ.
ಇದೇ ಹಳಿಯನ್ನು ಅಗಲ ಮಾಡುವಾಗ
ಜಲ್ಲಿ ಹೊತ್ತ ಗ್ಯಾಂಗಿನಲ್ಲಿ ನಮ್ಮಮ್ಮ ಇದ್ದಳು.
ಹದಿನೈದು ದಿನಕ್ಕೊಮ್ಮೆ ಗೂಟ ಕೀಳುವುದು,
ಎರಡು ಮೈಲಿ ಮುಂದೆ ಹೊಡೆಯುವುದು.
ನಾನು ಹುಟ್ಟಿದ್ದು ಯಾವ ಗೂಟಗಳ ನಡುವೆ ಎಂದು ಕೇಳಿದರೆ
‘ಒಂದು ಬೇವಿನಮರ ಇತ್ತು’ ಅನ್ನುತ್ತಾಳೆ, ಅಷ್ಟೇ.

ಇಪ್ಪತ್ತೊಂದು ಹುಟ್ಟಿದವು.
ಐದು ಬಸವನಹುಳುವಿಗೆ, ಮೂರು ಒಂದು ಮೇಕೆಮರಿಯ ಕಾಲಿಗೆ.
ಮಿಕ್ಕ ಹದಿಮೂರನ್ನು ಸುಣ್ಣದ ಕಲ್ಲುಗಳ ಹಿಂದೆ ನೆಟ್ಟೆ.
ಮೂರನೇ ಜೋಡಿ ಎಲೆಗೆ ತುದಿ ಚಿವುಟಬೇಕು.
ಚಿವುಟಿದೆ, ಒಂದೊಂದಕ್ಕೂ ‘ತಪ್ಪಾಯ್ತು’ ಎನ್ನುತ್ತ.
ಕೊನೆಯದರ ಮುಂದೆ ಕೂತಾಗ ಫೋನು ಹೊಡೆದುಕೊಂಡಿತು.
ಅದನ್ನು ಮರೆತೆ.

ಸಾಹೇಬರು ಟ್ರಾಲಿ ಇಳಿದು ಕೋಲಿನಲ್ಲಿ ಅಳೆದರು.
‘ಎತ್ತರ ಸರಿ. ಬಣ್ಣ ಯಾವುದಮ್ಮ?’
‘ಗೊತ್ತಿಲ್ಲ ಸಾರ್.’
‘ಕೆಂಪು ಬಂದರೆ ಹಳಿ ಕಡೆ ಬೇಡ. ಕೆಂಪು ಅಂದರೆ ನಿಲ್ಲು.’
ತಲೆಯಾಡಿಸಿದೆ.
ಗಿಡಗಳ ತಲೆಯೂ ಗಾಳಿಗೆ ಆಡಿತು.

ಡಿಸೆಂಬರು. ಮಂಜು ಬಿಟ್ಟುಕೊಟ್ಟ ಮೇಲೇ ಹಳಿ ಕಾಣುವುದು.
ಮೊದಲು ಹಳದಿ, ಅದು ಎಚ್ಚರಿಕೆ.
ಆಮೇಲೆ ಬಿಳಿ, ಗುಲಾಬಿ, ಬದನೆಕಾಯಿಯ ಬಣ್ಣ,
ಯಾವ ಸಿಗ್ನಲ್ಲಿಗೂ ಸೇರದವು.
ಚಿವುಟದೆ ಬಿಟ್ಟಿದ್ದು ಎಲ್ಲಕ್ಕಿಂತ ತಡ,
ಒಂಟಿ ಕಡ್ಡಿ, ಒಂದೇ ಮೊಗ್ಗು.
ಇವತ್ತು ಒಡೆಯಿತು.
ಕುಂಕುಮವಲ್ಲ, ದಾಸವಾಳವಲ್ಲ,
ನನ್ನ ಕಂಕುಳಲ್ಲಿ ಸುತ್ತಿಟ್ಟ ಬಾವುಟ
ಹೊಸದರಲ್ಲಿ ಇದ್ದ ಕೆಂಪು.

ಏಳೂ ಹತ್ತರ ರೈಲಿಗೆ
ಹಸಿರು ಹಿಡಿದು ಅದರ ಮುಂದೆ ನಿಂತೆ,
ಸೀರೆಯ ನೆರಿಗೆ ಮರೆಯಾಗುವಂತೆ.
ಮೊಣಕಾಲಿಗೆ ತಣ್ಣಗೆ ತಾಗುತ್ತಿತ್ತು.
ರೈಲು ಹೋಯಿತು, ನಿಲ್ಲಲಿಲ್ಲ.
ಗಾಳಿಗೆ ಸೆರಗು ಹಾರಿದ್ದನ್ನು ಯಾರು ನೋಡಿದರೋ.

ಸಂಜೆ ಹಿತ್ತಲಿಗೆ ಸಾಗಿಸೋಣವೆಂದು
ಬುಡ ಸಡಿಲಿಸಿದೆ. ಬೆರಳಿಗೆ ಏನೋ ಸಿಕ್ಕಿತು.
ಮಣ್ಣು ಸರಿಸಿದರೆ ಗಡ್ಡೆ,
ಎಳೆಮಗುವಿನ ಮುಷ್ಟಿಯಷ್ಟು,
ಮಣ್ಣನ್ನು ಬಿಡದೆ ಹಿಡಿದದ್ದು.
ಬಿತ್ತಿದ್ದು ಆ ಹಾರುವ ಸಿಪ್ಪೆಯನ್ನಲ್ಲವೆ,
ಇದನ್ನು ಯಾವಾಗ ಕಟ್ಟಿಕೊಂಡಿತು?

ಗೂಟ ಕೀಳುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ.
ಮಣ್ಣು ಮುಚ್ಚಿದೆ.

ಸಾಹೇಬರು ಬರುವುದು ಗುರುವಾರ.
ಇವತ್ತಿನ್ನೂ ಸೋಮವಾರ.