ಒಲೆಯಿಲ್ಲದ ಊದುಗೊಳವೆ

ರಾಯಚೂರಿನ ಗಂಜಿನಾಚೆ
ಹತ್ತಿ ಲಾರಿಗಳ ಸಾಲು ಮುಗಿಯುವಲ್ಲಿ
ಜಿನ್ನಿಂಗ್ ಮಿಲ್ಲಿನ ತಗಡಿನ ಗೇಟು.
ಒಳಗೆ ಎಲ್ಲರ ಹುಬ್ಬೂ ನರೆತಿವೆ,
ಹದಿನೆಂಟರ ಹುಡುಗಿಯದೂ.

ನನ್ನ ಕೈಚೀಲದಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ,
ಮೈಮೇಲೆ ಅಂಕಿ, ಜಾರುವ ಕೆಂಪು ಮುಳ್ಳು,
ತುದಿಗೆ ರಟ್ಟಿನ ಬಾಯಿ.
ಉಸಿರು ತುಂಬಿಕೊಂಡು ಒಂದೇ ಸಲ ಊದಬೇಕು.
ಅದರ ಹೆಸರು ಹೇಳಿದೆ. ಯಾರಿಗೂ ಹಿಡಿಸಲಿಲ್ಲ.
ಹುಸೇನಮ್ಮ ತಿರುಗಿಸಿ ನೋಡಿ ನಕ್ಕಳು:
"ಊದುಗೊಳವಿ ಅಲ್ಲೇನವಾ ಇದು?
ಒಲಿ ಎಲ್ಲೈತಿ?"

ಇಪ್ಪತ್ತೆರಡು ಹಂಗಾಮು
ಯಂತ್ರದ ಬಾಯಿಗೆ ಹತ್ತಿ ಉಣಿಸಿದವಳು.
ಕೆಮ್ಮಿಗೆ ಕಷಾಯ ಕುಡಿದಿದ್ದಾಳೆ, ತಾಯತ ಕಟ್ಟಿದ್ದಾಳೆ,
ಕಫದಲ್ಲಿ ಕ್ಷಯ ಸಿಗದಿದ್ದರೂ
ಆರು ತಿಂಗಳು ಕ್ಷಯದ ಗುಳಿಗೆ ನುಂಗಿದ್ದಾಳೆ.
ಪ್ರತಿ ಚೀಟಿಯಲ್ಲೂ ವಯಸ್ಸು, ಊರು, ಗಂಡನ ಹೆಸರು.
ಕೆಲಸ ಎಂಬಲ್ಲಿ ಒಂದೇ ಪದ: ಕೂಲಿ.
ಕೂಲಿಯ ಒಳಗೆ ಏನಿದೆಯೆಂದು
ಯಾವ ಪೆನ್ನೂ ಬಗ್ಗಿ ನೋಡಿರಲಿಲ್ಲ.

ಡಾಕ್ಟರ್ ಮುಬೀನಾ ಸ್ಟೆತಾಸ್ಕೋಪು ತೆಗೆಯಲಿಲ್ಲ.
ಆಕೆಯ ಪಕ್ಕ ಬೋರಾದ ಮೇಲೆ ಕೂತು
ಅರ್ಧ ಗಂಟೆ ಯಂತ್ರ ನೋಡಿದರು:
ಧೂಳು ಎಲ್ಲಿಂದ ಏಳುತ್ತದೆ,
ಯಾರ ಮುಖದ ಮೇಲೆ ಇಳಿಯುತ್ತದೆ,
ಕಿಟಕಿಗೆ ಯಾಕೆ ಇಟ್ಟಿಗೆ ತುಂಬಿದೆ.
ಆಮೇಲೆ, ಊಟ ಆತೇನು ಎನ್ನುವ ದನಿಯಲ್ಲಿ,
"ಎದಿ ಯಾವ ವಾರ ಜಾಸ್ತಿ ಬಿಗೀತೈತಿ?"

ಹುಸೇನಮ್ಮ ಕೈಯ ಹತ್ತಿ ಕೆಳಗಿಟ್ಟಳು.
ಇಷ್ಟು ವರ್ಷ ಯಾರೂ ಕೇಳದ ಮಾತಿಗೆ
ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.
"ಸೋಮಾರ.
ಐತಾರ ಸೂಟಿ. ಹಗುರ ಇರ್ತೀನಿ, ಹಾಡೂ ಬರ್ತೈತಿ.
ಸೋಮಾರ ಮಧ್ಯಾಹ್ನಕ್ಕ ಎದಿಮ್ಯಾಲ ಬೋರಾ ಒಗದಂಗ.
ಮಂಗಳಾರ ತುಸು ಕಮ್ಮಿ.
ಮೈಗಳ್ಳಿ ಅಂತ ಮುಕಾದಮ ಬೈತಾನ,
ಖರೇನ ಇರಬೇಕು ಅನ್ಕೊಂಡಿದ್ದೆ."

ಬೆನ್ನ ಹಿಂದಿಂದ ಮತ್ತೊಬ್ಬಳು: "ನನಗೂ ಸೋಮಾರ."
ಬೀಜದ ರಾಶಿಯಿಂದ ಬಸಲಿಂಗಮ್ಮ: "ನನಗೂ."
ಪ್ರೆಸ್ಸಿನ ಸವಾರೆಪ್ಪ ಮಾತಾಡದೆ ಒಂದು ಬೆರಳೆತ್ತಿದ.

ಮುಂದಿನ ಸೋಮವಾರ ನಸುಕಿಗೇ ಗೇಟಿನಲ್ಲಿ ನಿಂತೆ.
ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ,
ಊದಕ್ಕಾ, ಇನ್ನೂ, ಇನ್ನೂ.
ಹುಸೇನಮ್ಮನ ಮುಳ್ಳು ಬೆಳಿಗ್ಗೆ ಮುನ್ನೂರ ಹತ್ತು,
ಸಂಜೆ ಇನ್ನೂರ ಮೂವತ್ತು.
ಎಂಬತ್ತರಷ್ಟು ಉಸಿರು
ಅರಳೆಯ ಜೊತೆ ಬೇಲಿನಲ್ಲಿ ಕಟ್ಟಿಹೋಗಿತ್ತು.

ಮಾಲಕರು ಚಹಾ ತರಿಸಿದರು,
ಫ್ಯಾನನ್ನು ನಮ್ಮತ್ತ ತಿರುಗಿಸಿದರು.
"ಮನಿಯಾಗ ಕಟಗಿ ಒಲಿ ಹಚ್ತಾರ ಮೇಡಂ,
ಆ ಹೊಗಿ ಇದು."
ಡಾಕ್ಟರು ಚಹಾ ಪೂರ್ತಿ ಮುಗಿಸಿದರು.
"ಒಲಿ ಐತಾರನೂ ಉರೀತೈತಿ," ಅಂದರು.

ಆ ಕೋಣೆಯಲ್ಲಿ ಸ್ವಲ್ಪ ಹೊತ್ತು
ಫ್ಯಾನಿನದೊಂದೇ ಮಾತು.

ಗೆದ್ದೆವು ಎನ್ನಲಾರೆ.
ಎರಡು ಕಿಟಕಿಯ ಇಟ್ಟಿಗೆ ತೆಗೆದರು;
ಮೂರನೆಯದು ಪಕ್ಕದ ಗೋದಾಮಿನವರದಂತೆ.
ಧೂಳು ಹೀರುವ ಕೊಳವೆ ಒಂದು ಸಾಲಿಗೆ ಬಂತು,
ಇನ್ನೊಂದಕ್ಕೆ ಮುಂದಿನ ಹಂಗಾಮಿನ ಮಾತು.
ಹುಸೇನಮ್ಮ ಈಗ ಹೊರಗೆ, ತೂಕದ ಕಟ್ಟೆಯಲ್ಲಿ
ಚೀಟಿ ಕೊಡುತ್ತಾಳೆ, ಅದೇ ಪಗಾರಕ್ಕೆ.
ಆ 'ಅದೇ'ಗಾಗಿ ಡಾಕ್ಟರು ನಾಲ್ಕು ಸಲ ಬಂದರು.

ನನ್ನ ರಿಜಿಸ್ಟರಿನಲ್ಲಿ ಗೆರೆ ಹೊಡೆದು
ಹೊಸ ಕಾಲಂ ಮಾಡಿದೆ:
ಏನು ಕೆಲಸ, ಎಷ್ಟು ವರ್ಷ, ಯಾವ ವಾರ.
ಹುಸೇನಮ್ಮ ಬಗ್ಗಿ ನೋಡಿದಳು.
"ನಮ್ಮವ್ವನ ಹೆಸರೂ ಬರೀತೀಯೇನು?"
ಇದೇ ಮಿಲ್ಲು, ಇದೇ ಸಾಲು.
ದಮ್ಮು ಅಂತ ಬರೆದು ಮಣ್ಣು ಕೊಟ್ಟಿದ್ದರು.

ಸತ್ತವರಿಗೆ ಕಾಲಂ ಇಲ್ಲ.
ಆದರೂ ಪೆನ್ನಿನ ಮುಚ್ಚಳ ತೆಗೆದೆ.
"ಯಾವ ವಾರ ಹೋದರು?"

ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು,
ಕ್ಲೀನರ್ ಹುಡುಗ ತಗಡು ಬಡಿಯುತ್ತಿದ್ದ.
ಅದು ನಿಲ್ಲುವವರೆಗೆ ಕಾದಳು.
"ನೆನಪಿಲ್ಲವಾ. ನಸುಕಿನ್ಯಾಗ.
ಬುತ್ತಿ ಕಟಗೊಂಡು ಹೊಂಟಾಕಿ."